ಆಫ್ರಿಕಾದ ವುಡ್‌ಹೂಪೋ ಕುಟುಂಬದೊಂದಿಗೆ ಒಂದು ದಿನ: ಹುಡುಕುವುದು, ಹಿಂಬಾಲಿಸುವುದು ಹೇಗೆ?

“ಕೆನ್ಯಾಕ್ಕೆ ಹೋಗುತ್ತಿದ್ದೇವೆ. ಸಿಂಹ, ಆನೆಗಳನ್ನು ಸಫಾರಿಯವರೇ ತೋರಿಸುತ್ತಾರೆ. ಹಕ್ಕಿ ನೋಡುವುದನ್ನು ಎಲ್ಲಿಂದ ಆರಂಭಿಸಬೇಕು?” ದಕ್ಷಿಣ ಆಫ್ರಿಕಾಕ್ಕೆ ಹೊರಟವರದೂ, ಉದ್ಯೋಗಕ್ಕೆಂದು ಅಲ್ಲಿಯೇ ನೆಲೆಸಿದವರದೂ ಇದೇ ಪ್ರಶ್ನೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ.

ಕೆನ್ಯಾ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ. ಪಟ್ಟಿ ಹಿಡಿದು ಓಡಿದರೆ ನೂರಾರು ಹೆಸರುಗಳಿಗೆ ಗುರುತು ಹಾಕಬಹುದು, ಆದರೆ ಯಾವ ಹಕ್ಕಿಯ ಬದುಕೂ ಕೈಗೆ ಸಿಗುವುದಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟೇ: ಪ್ರವಾಸದ ಒಂದು ಇಡೀ ದಿನವನ್ನು ಒಂದೇ ಹಕ್ಕಿಯ ಒಂದೇ ಕುಟುಂಬಕ್ಕೆ ಕೊಡಿ. ಅದಕ್ಕೆ ನಾನು ಆರಿಸುವ ಹಕ್ಕಿ ಹಸಿರು ವುಡ್‌ಹೂಪೋ.

ಇದಕ್ಕೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ. ವುಡ್‌ಹೂಪೋಗಳ ಮನೆತನ ಇಂದು ಉಳಿದಿರುವುದು ಆಫ್ರಿಕಾದಲ್ಲಿ ಮಾತ್ರ. ನಮ್ಮ ಹೊಲಗಳಲ್ಲಿ ನೆಲ ಕೆದಕುವ ಚಂದ್ರಮುಕುಟ ಇದರ ಹತ್ತಿರದ ನೆಂಟ. ಮಂಗಟ್ಟೆ ಸ್ವಲ್ಪ ದೂರದ ನೆಂಟ. ಸಹಾರಾದ ದಕ್ಷಿಣಕ್ಕೆ ಮರಗಳಿರುವ ಹುಲ್ಲುಗಾವಲು, ನದಿದಂಡೆಯ ತೋಪು, ಹಳೆಯ ಮರಗಳ ಉದ್ಯಾನ ಎಲ್ಲಿದ್ದರೂ ಇದನ್ನು ನಿರೀಕ್ಷಿಸಬಹುದು. ಅಪರೂಪದ ಹಕ್ಕಿಯಲ್ಲ. ಹೊಸಬರಿಗೆ ಇದನ್ನೇ ಹೇಳಲು ಅದೂ ಒಂದು ಕಾರಣ. ಹುಡುಕುವುದರಲ್ಲೇ ದಿನ ಕಳೆದುಹೋದರೆ ನೋಡುವುದು ಯಾವಾಗ?

1. ಹೊರಡುವ ಮೊದಲು ಊರಿನಲ್ಲೇ ಅಭ್ಯಾಸ ಮಾಡಿ

ವುಡ್‌ಹೂಪೋ ಒಂಟಿಯಾಗಿ ಬದುಕುವ ಹಕ್ಕಿಯಲ್ಲ. ಗುಂಪಿನಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಹಕ್ಕಿಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಗುಂಪನ್ನು ಹಿಂಬಾಲಿಸುವುದು ಒಂದು ಹಕ್ಕಿಯನ್ನು ನೋಡಿದಷ್ಟು ಸುಲಭವಲ್ಲ; ಒಂದನ್ನು ನೋಡುತ್ತಿರುವಾಗ ಉಳಿದವು ಮುಂದೆ ಹೋಗಿರುತ್ತವೆ.

ಇದಕ್ಕೆ ಅತ್ಯುತ್ತಮ ಗುರು ನಮ್ಮ ಹರಟೆಮಲ್ಲ. ಮನೆಯ ಹಿಂದಿನ ಬೇಲಿಯಲ್ಲೋ ಪಾರ್ಕಿನಲ್ಲೋ ಗದ್ದಲ ಮಾಡುತ್ತಾ ತರಗೆಲೆ ಮಗುಚುವ ಏಳೆಂಟು ಹಕ್ಕಿಗಳ ಗುಂಪನ್ನು ಮೂರು ಬೆಳಗ್ಗೆ ಹಿಂಬಾಲಿಸಿ. ಐದೈದು ನಿಮಿಷಕ್ಕೊಮ್ಮೆ ತಲೆ ಎಣಿಸಿ, ಯಾವುದು ಏನು ಮಾಡುತ್ತಿದೆ ಎಂದು ಒಂದು ಸಾಲು ಬರೆಯಿರಿ. ಮೊದಲ ದಿನ ಲೆಕ್ಕ ತಪ್ಪುತ್ತದೆ. ಮೂರನೆಯ ದಿನಕ್ಕೆ ಕಣ್ಣು ಪಳಗುತ್ತದೆ. ಈ ಪಳಗಿದ ಕಣ್ಣಿಲ್ಲದೆ ಆಫ್ರಿಕಾಕ್ಕೆ ಹೋದರೆ ಎಷ್ಟು ದುಬಾರಿಯ ದುರ್ಬೀನು ಇದ್ದರೂ ಪ್ರಯೋಜನ ಕಡಿಮೆ.

2. ಏನೇನು ಬೇಕು?

ಒಂದು ದುರ್ಬೀನು. ಅದರ ಮೇಲೆ 8×42 ಎಂದು ಬರೆದಿದ್ದರೆ ಸಾಕು. ಮೊದಲ ಅಂಕಿ ನೋಟವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 10 ಪಟ್ಟಿನದನ್ನು ಕೊಳ್ಳಬೇಕೆಂದು ಅನೇಕರು ಆಸೆಪಡುತ್ತಾರೆ. ಕೊಂಬೆಯಿಂದ ಕೊಂಬೆಗೆ ಹಾರುವ ಗುಂಪಿಗೆ 8 ಪಟ್ಟಿನದೇ ಮೇಲು: ಕಾಣುವ ಹರವು ಹೆಚ್ಚು, ಕೈ ನಡುಕ ಕಡಿಮೆ.

ಒಂದು ಸಣ್ಣ ನೋಟ್‌ಪುಸ್ತಕ, ಪೆನ್ಸಿಲ್. ಮೊಬೈಲ್‌ನಲ್ಲಿ ಬರೆಯಲು ಹೊರಟರೆ ತಲೆ ತಗ್ಗಿಸಿದ ಅರ್ಧ ನಿಮಿಷದಲ್ಲಿ ಗುಂಪು ಮಾಯವಾಗಿರುತ್ತದೆ. ಮಾಸಲು ಬಣ್ಣದ ಬಟ್ಟೆ, ಟೋಪಿ, ನೀರು.

ಕೆನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕೊನೆಯ ಗಳಿಗೆಗೆ ಬಿಡಬೇಡಿ. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವೇ ಅದರ ಪ್ರಮಾಣಪತ್ರಕ್ಕೆ ಮಾನ್ಯತೆ. ಮರಳಿ ಬರುವಾಗ ಭಾರತದ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಕಡೆಗೆ ಹೋಗುವುದಾದರೆ ಅದು ಮಲೇರಿಯಾ ವಲಯ. ಮುನ್ನೆಚ್ಚರಿಕೆಯ ಮಾತ್ರೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

3. ಜಾಗ ಆರಿಸುವಾಗ

ಸಫಾರಿ ಜೀಪಿನಲ್ಲಿ ಕುಳಿತು ಈ ಹಕ್ಕಿಯನ್ನು ಹಿಂಬಾಲಿಸಲಾಗದು. ನಡೆಯಲು ಅನುಮತಿ ಇರುವ, ಹಳೆಯ ಮರಗಳಿರುವ ಜಾಗ ಬೇಕು. ನಾನು ಹೇಳುವುದು ಎರಡು.

ಒಂದು, ಕೆನ್ಯಾದ ನೈವಾಷಾ ಸರೋವರ. ನೈರೋಬಿಯ ವಾಯವ್ಯಕ್ಕೆ, ರಿಫ್ಟ್ ಕಣಿವೆಯಲ್ಲಿದೆ. ದಂಡೆಯುದ್ದಕ್ಕೂ ಹಳದಿ-ಹಸಿರು ತೊಗಟೆಯ ಎತ್ತರದ ಜಾಲಿ ಮರಗಳು. ಅಲ್ಲಿಯವರು ಇವನ್ನು ಫೀವರ್ ಟ್ರೀ ಎನ್ನುತ್ತಾರೆ. ವುಡ್‌ಹೂಪೋ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಬಂದದ್ದು ಈ ಮರಗಳ ಕೆಳಗಿನಿಂದಲೇ. ಡೇವಿಡ್ ಲಿಗನ್, ಸಾಂಡ್ರಾ ಲಿಗನ್ ದಂಪತಿ 1970ರ ದಶಕದ ನಡುವಿನಿಂದ ವರ್ಷಗಟ್ಟಲೆ ಇಲ್ಲಿ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಒಂದೊಂದು ಹಕ್ಕಿಯ ಜೀವನವನ್ನೂ ದಾಖಲಿಸಿದರು. ಸರೋವರದ ಕ್ರೆಸೆಂಟ್ ದ್ವೀಪದಲ್ಲಿ ಕಾಲ್ನಡಿಗೆಗೆ ಅವಕಾಶವಿದೆ. ದಂಡೆಯ ಅನೇಕ ವಸತಿಗೃಹಗಳ ಅಂಗಳಗಳಲ್ಲೂ ದೊಡ್ಡ ಮರಗಳಿವೆ.

ಇನ್ನೊಂದು, ಕ್ರೂಗರ್ ರಾಷ್ಟ್ರೀಯ ಉದ್ಯಾನದ ಸ್ಕುಕೂಜಾ, ಲೋವರ್ ಸಾಬಿಯಂಥ ವಸತಿ ಶಿಬಿರಗಳು. ಉದ್ಯಾನದ ರಸ್ತೆಗಳಲ್ಲಿ ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಆದರೆ ಬೇಲಿಯೊಳಗಿನ ಶಿಬಿರದಲ್ಲಿ ದಿನವಿಡೀ ನಡೆಯಬಹುದು. ಜೋಹಾನ್ಸ್‌ಬರ್ಗ್, ಪ್ರಿಟೋರಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಷ್ಟು ದೂರವೂ ಬೇಡ. ಹಳೆಯ ಬಡಾವಣೆಗಳ ತೋಟಗಳಿಗೇ ಈ ಹಕ್ಕಿಗಳು ಬರುತ್ತವೆ.

ಎಚ್ಚರಿಕೆ: ನೈವಾಷಾದಲ್ಲಿ ಸಂಜೆಯಾದ ಮೇಲೆ ನೀರಾನೆಗಳು ಮೇಯಲು ದಡಕ್ಕೆ ಹತ್ತುತ್ತವೆ. ಹುಲ್ಲು ತಿನ್ನುವ ಪ್ರಾಣಿ ಎಂದು ಸಲಿಗೆ ಬೇಡ. ನೀರಿಗೂ ಅದಕ್ಕೂ ನಡುವೆ ನೀವು ನಿಂತರೆ ಪ್ರಾಣಕ್ಕೇ ಕುತ್ತು. ಮುಸ್ಸಂಜೆಯ ಕೆಲಸವಿದ್ದರೆ ವಸತಿಗೃಹದ ಕಾವಲುಗಾರರನ್ನು ಜೊತೆಗೆ ಕರೆದುಕೊಳ್ಳಿ.

4. ಮೊದಲು ಕಿವಿಯಿಂದ ಹುಡುಕಿ

ಬೆಳಗಿನ ಬಿಸಿಲು ಮರದ ತುದಿಗೆ ತಾಗುವ ಹೊತ್ತಿಗೆ ಸುಮ್ಮನೆ ಒಂದು ಕಡೆ ನಿಲ್ಲಿ. ಒಂದು ಹಕ್ಕಿ “ಕುಕ್-ಕುಕ್-ಕುಕ್” ಎಂದು ಶುರುಮಾಡುತ್ತದೆ, ಮರುಕ್ಷಣ ಇನ್ನೊಂದು ಸೇರುತ್ತದೆ, ಮತ್ತೊಂದು ಸೇರುತ್ತದೆ. ದನಿ ಏರುತ್ತಾ ಹೋಗಿ ಇಡೀ ಮರವೇ ಬಿದ್ದು ಬಿದ್ದು ನಕ್ಕಂತೆ ಕೇಳಿಸುತ್ತದೆ. ಜುಲು ಭಾಷೆಯಲ್ಲಿ ಇದರ ಹೆಸರು ಇನ್‌ಹ್ಲೆಕಬಫಾಜಿ, ಎಂದರೆ ಹೆಂಗಸರ ನಗು. ಬಾವಿಕಟ್ಟೆಯಲ್ಲಿ ನಾಲ್ಕು ಜನ ಸೇರಿ ನಗುವುದನ್ನು ಕೇಳಿದವರಿಗೆ ಈ ಹೆಸರು ಎಷ್ಟು ಸರಿಯೆಂದು ವಿವರಿಸಬೇಕಾಗಿಲ್ಲ.

ದನಿ ಬಂದ ದಿಕ್ಕಿಗೆ ಓಡಬೇಡಿ. ನಗು ನಿಂತ ಮೇಲೆ ಗುಂಪು ಒಂದೊಂದಾಗಿ ಮುಂದಿನ ಮರಕ್ಕೆ ಹಾರುತ್ತದೆ. ಆ ಹಾರಾಟವನ್ನು ದೂರದಿಂದಲೇ ನೋಡಿ ದಿಕ್ಕು ಹಿಡಿಯಿರಿ.

ಇಲ್ಲಿ ಬಹಳ ಮಂದಿ ಮಾಡುವ ತಪ್ಪೊಂದಿದೆ. ಹಕ್ಕಿಯ ದನಿಮುದ್ರಿಕೆಯನ್ನು ಮೊಬೈಲ್‌ನಲ್ಲಿ ನುಡಿಸಿ ಹತ್ತಿರ ಕರೆಯುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಪ್ರತಿ ಗುಂಪಿಗೂ ತನ್ನದೇ ಗಡಿ ಇದೆ, ತನ್ನದೇ ಕೂಗಿನ ಗುರುತಿದೆ. ನೆರೆಯ ಗುಂಪಿನ ದನಿ ಯಾವುದು, ಪೂರಾ ಅಪರಿಚಿತರದು ಯಾವುದು ಎಂದು ಇವು ಬೇರ್ಪಡಿಸಬಲ್ಲವು. ನಿಮ್ಮ ಮೊಬೈಲ್‌ನಿಂದ ಬಂದದ್ದು ಅವುಗಳ ಪಾಲಿಗೆ ಮನೆಗೆ ನುಗ್ಗಿದ ವೈರಿಯ ದನಿ. ಹುಳ ಹುಡುಕುವುದನ್ನೂ ಮರಿಗೆ ಉಣಿಸುವುದನ್ನೂ ಬಿಟ್ಟು, ಇಲ್ಲದ ವೈರಿಯ ಜೊತೆ ಜಗಳಕ್ಕೆ ಬರುತ್ತವೆ. ಒಂದು ಚಿತ್ರಕ್ಕಾಗಿ ಆ ಕುಟುಂಬದ ಬೆಳಗನ್ನು ಕಸಿದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

5. ಗುರುತು ಖಚಿತಪಡಿಸಿಕೊಳ್ಳಿ

ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 44 ಸೆಂಟಿಮೀಟರ್. ಅದರಲ್ಲಿ ಬಾಲವೇ ಅರ್ಧದಷ್ಟು, ಮೈ ಚಿಕ್ಕದು. ಉದ್ದನೆಯ, ಕೆಳಕ್ಕೆ ಬಾಗಿದ ಕೆಂಪು ಕೊಕ್ಕು, ಕೆಂಪು ಕಾಲು. ಹಾರುವಾಗ ರೆಕ್ಕೆಯಲ್ಲಿ ಬಿಳಿ ಪಟ್ಟಿ, ಬಾಲದಂಚಿನಲ್ಲಿ ಬಿಳಿ ಚುಕ್ಕೆ.

“ಹಸಿರು ಎಂದು ಬರೆದಿದೆ, ನನಗೆ ಕಪ್ಪಾಗಿ ಕಂಡಿತು” ಎಂದು ದೂರುವವರು ಬಹಳ. ನೆರಳಿನಲ್ಲಿ ಅದು ಕಪ್ಪೇ. ನವಿಲುಗರಿಯಂತೆ ಬೆಳಕು ಬಿದ್ದ ಕೋನಕ್ಕೆ ತಕ್ಕ ಹಾಗೆ ತಲೆ, ಬೆನ್ನು ಹಸಿರಾಗಿ, ರೆಕ್ಕೆ, ಬಾಲ ನೇರಳೆಯಾಗಿ ಮಿನುಗುತ್ತವೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವಂತೆ ನಿಂತರೆ ಬಣ್ಣ ಕಾಣುತ್ತದೆ. ಹಳೆಯ ಕೈಪಿಡಿಗಳಲ್ಲಿ ಇದೇ ಹಕ್ಕಿಗೆ ಕೆಂಪುಕೊಕ್ಕಿನ ವುಡ್‌ಹೂಪೋ ಎಂಬ ಹೆಸರಿದೆ. ಎರಡು ಬೇರೆ ಹಕ್ಕಿಗಳೆಂದು ಎಣಿಸಬೇಡಿ.

ಗೊಂದಲಕ್ಕೆ ಎಡೆಮಾಡುವುದು ಕಾಮನ್ ಸಿಮಿಟರ್‌ಬಿಲ್ ಎಂಬ ಇನ್ನೊಂದು ನೆಂಟ. ಅದರ ಕೊಕ್ಕು ಕುಡುಗೋಲಿನಂತೆ ಇನ್ನೂ ಹೆಚ್ಚು ಬಾಗಿದ್ದು, ಬಣ್ಣ ಕಪ್ಪು, ಕಾಲೂ ಕಪ್ಪು. ಒಂಟಿಯಾಗಿ ಅಥವಾ ಜೋಡಿಯಾಗಿ ಸದ್ದಿಲ್ಲದೆ ತಿರುಗುತ್ತದೆ. ಆದರೆ ಕೊಕ್ಕು ಕಪ್ಪೆಂದ ಮಾತ್ರಕ್ಕೆ ಸಿಮಿಟರ್‌ಬಿಲ್ ಎಂದು ತೀರ್ಮಾನಿಸಬೇಡಿ, ಏಕೆಂದರೆ ವುಡ್‌ಹೂಪೋ ಮರಿಗಳ ಕೊಕ್ಕೂ ಕಪ್ಪಗಿದ್ದು ಬೆಳೆಯುತ್ತಾ ಕೆಂಪಾಗುತ್ತದೆ. ಸುತ್ತ ಗದ್ದಲದ ಗುಂಪಿದೆಯೇ ಎಂದು ನೋಡಿ.

6. ಹಿಂಬಾಲಿಸುವ ಬಗೆ

ಇದು ಇಡೀ ದಿನದ ತಿರುಳು; ಅವಸರ ಮಾಡಬೇಡಿ.

ಗುಂಪಿನ ಹಿಂದೆ ನಡೆಯುವುದಕ್ಕಿಂತ ಅದರ ಮುಂದೆ ಹೋಗಿ ಕಾಯುವುದು ಲೇಸು. ಅವು ಸಾಲುಮರಗಳ ಒಂದು ದಿಕ್ಕಿಗೆ ಸಾಗುತ್ತಿದ್ದರೆ, ಸುತ್ತುಬಳಸಿ ಎರಡು ಮರ ಮುಂದೆ ಹೋಗಿ ಕಾಂಡದಿಂದ ಇಪ್ಪತ್ತು ಮೀಟರ್ ದೂರದಲ್ಲಿ ನಿಲ್ಲಿ. ಹಿಂದಿನಿಂದ ಬರುವವನನ್ನು ಹಕ್ಕಿ ಅಟ್ಟುವವನೆಂದು ತಿಳಿಯುತ್ತದೆ. ಮೊದಲೇ ನಿಂತಿರುವವನನ್ನು ಸ್ವಲ್ಪ ಹೊತ್ತು ನೋಡಿ ಸುಮ್ಮನಾಗುತ್ತದೆ.

ಈಗ ಒಂದೇ ಹಕ್ಕಿಯ ಮೇಲೆ ದುರ್ಬೀನು ನೆಡಿ. ಅದು ಕಾಂಡಕ್ಕೆ ಅಂಟಿಕೊಂಡು ಹತ್ತುತ್ತದೆ, ಕೊಂಬೆಯ ಅಡಿಯಲ್ಲಿ ತಲೆಕೆಳಗಾಗಿ ತೂಗುತ್ತದೆ. ಬಿರುಕು ಬಿಟ್ಟ ತೊಗಟೆಯೊಳಗೆ ಕೊಕ್ಕನ್ನು ಬುಡದವರೆಗೂ ತೂರಿಸಿ, ತಲೆಯನ್ನು ಒಂದು ಬದಿಗೆ ವಾಲಿಸಿ, ಒಳಗೆ ತಡಕಾಡುತ್ತದೆ. ಒಂದು ಕ್ಷಣ ಅಲುಗಾಟವಿಲ್ಲ. ಆಮೇಲೆ ಮೆಲ್ಲನೆ ಎಳೆಯುತ್ತದೆ. ಕೊಕ್ಕಿನ ತುದಿಯಲ್ಲಿ ದಪ್ಪನೆಯ ಬಿಳಿ ಹುಳ ಹೊರಳುತ್ತಿರುತ್ತದೆ. ಅದನ್ನು ಕೊಂಬೆಗೆ ಎರಡು ಮೂರು ಸಲ ಬಡಿದು, ಮೇಲಕ್ಕೆ ಚಿಮ್ಮಿಸಿ ನುಂಗುತ್ತದೆ. ತೊಗಟೆಗೆ ಸದಾ ಉಜ್ಜುವುದರಿಂದ ಬಾಲದ ಗರಿಗಳ ತುದಿ ಸವೆದು ಚಿಂದಿಯಾಗಿರುವುದೂ ಇಷ್ಟು ಹತ್ತಿರದಿಂದ ಕಾಣುತ್ತದೆ. ಕಂಬಳಿಹುಳು, ಜೀರುಂಡೆ ಮತ್ತು ಅದರ ಮರಿಹುಳು, ಜೇಡ, ಗೆದ್ದಲು ಇದರ ಆಹಾರ. ಆಗೊಮ್ಮೆ ಈಗೊಮ್ಮೆ ಸಣ್ಣ ಹಲ್ಲಿ.

ನೋಟ್‌ಪುಸ್ತಕದಲ್ಲಿ ನಾಲ್ಕು ಕಲಮು ಮಾಡಿಕೊಳ್ಳಿ: ಸಮಯ, ಎಷ್ಟು ಹಕ್ಕಿ, ಮರದ ಯಾವ ಭಾಗದಲ್ಲಿ, ಏನು ಮಾಡುತ್ತಿದೆ. ಐದು ನಿಮಿಷಕ್ಕೊಮ್ಮೆ ತುಂಬಿಸಿ. ಊರಿನಲ್ಲಿ ಮಾಡಿದ ಅಭ್ಯಾಸ ನೆರವಿಗೆ ಬರುವುದು ಇಲ್ಲೇ. ಮಧ್ಯಾಹ್ನದ ಬಿಸಿಲಿನಲ್ಲಿ ಹಕ್ಕಿಗಳು ನೆರಳಿನಲ್ಲಿ ಕುಳಿತು ಒಂದರ ಗರಿ ಒಂದು ಬಾಚುತ್ತವೆ. ಅದನ್ನೂ ಬರೆಯಿರಿ, ಅದರ ಅರ್ಥ ಎಂಟನೆಯ ಹಂತದಲ್ಲಿ ತಿಳಿಯುತ್ತದೆ.

7. ಗುಂಪಿನಲ್ಲಿ ಯಾರು ಯಾರು?

ಗರಿಗಳ ಬಣ್ಣದಿಂದ ಗಂಡು, ಹೆಣ್ಣು ಬೇರ್ಪಡಿಸಲಾಗದು. ಕೊಕ್ಕು ನೋಡಿ. ಬೆಳೆದ ಗಂಡಿನ ಕೊಕ್ಕು ಹೆಣ್ಣಿನದಕ್ಕಿಂತ ಸ್ಪಷ್ಟವಾಗಿ ಉದ್ದ, ಬಾಗೂ ಹೆಚ್ಚು. ಎರಡೂ ಅಕ್ಕಪಕ್ಕ ಬಂದಾಗ ಹೋಲಿಸಿ. ಕೊಕ್ಕು ಬೇರೆಯಾದಂತೆ ಕೆಲಸವೂ ಬೇರೆ: ಗಂಡು ಹೆಚ್ಚಾಗಿ ಆಳದ ಬಿರುಕುಗಳಲ್ಲಿ ಚುಚ್ಚಿ ಹುಡುಕುತ್ತದೆ, ಹೆಣ್ಣು ತೊಗಟೆಯ ಚಕ್ಕೆ ಎಬ್ಬಿಸಿ ಅದರಡಿ ಹುಡುಕುತ್ತದೆ. ಒಂದೇ ಮರದಲ್ಲಿ ಕುಟುಂಬವೆಲ್ಲ ಮೇಯ್ದರೂ ಒಬ್ಬರ ತುತ್ತಿಗೆ ಇನ್ನೊಬ್ಬರು ಕೈಹಾಕುವುದು ಇದರಿಂದ ತಗ್ಗುತ್ತದೆ. ದನಿಯಲ್ಲೂ ವ್ಯತ್ಯಾಸವಿದೆ. ಹುಡುಗರಿಗೆ ಗಂಟಲು ಒಡೆಯುವಂತೆ, ಎಳೆಯ ಗಂಡಿನ ಕೀರಲು ದನಿ ಬೆಳೆದಂತೆ ದಪ್ಪಗಾಗುತ್ತದೆ.

ಗುಂಪಿನಲ್ಲಿ ಮೊಟ್ಟೆಯಿಡುವುದು ಒಂದೇ ಜೋಡಿ. ಉಳಿದವರು ಸಹಾಯಕರು. ಹೆಚ್ಚಿನವರು ಹಿಂದಿನ ವರ್ಷಗಳ ಮಕ್ಕಳು, ಕೆಲವೊಮ್ಮೆ ಹೊರಗಿನವರೂ ಇರುತ್ತಾರೆ. ತಾವು ಮರಿ ಮಾಡದೆ ಇನ್ನೊಬ್ಬರ ಮರಿಗೆ ಉಣಿಸುವ ಈ ಪದ್ಧತಿಗೆ ಸಹಕಾರಿ ಸಂತಾನಪಾಲನೆ ಎನ್ನುತ್ತಾರೆ. “ಅವುಗಳಿಗೆ ಇದರಿಂದ ಏನು ಲಾಭ?” ಎಂದು ಕೇಳುತ್ತೀರಿ. ನೈವಾಷಾದ ಅಧ್ಯಯನದಲ್ಲಿ ಕಂಡ ಉತ್ತರ ನನಗೆ ಬಹಳ ಹಿಡಿಸಿದ್ದು. ಇಂದು ಉಣಿಸಿ ಬೆಳೆಸಿದ ಮರಿ ನಾಳೆ ಜೊತೆಗಾರನಾಗುತ್ತದೆ. ಅಕ್ಕಪಕ್ಕದಲ್ಲಿ ಜಾಗ ತೆರವಾದಾಗ ಹಿರಿಯ ಸಹಾಯಕ ತಾನು ಸಾಕಿದ ಕಿರಿಯರನ್ನು ಕಟ್ಟಿಕೊಂಡು ಹೋಗಿ ಆ ಗಡಿ ಹಿಡಿಯುತ್ತದೆ.

8. ಗಡಿಯ ಜಗಳ ಕಂಡರೆ ಅಲುಗಾಡಬೇಡಿ

ಎರಡು ಗುಂಪು ಎದುರಾದಾಗ ಒಂದರ ನಂತರ ಒಂದು ಸರದಿಯಂತೆ ಕೂಗುತ್ತವೆ. ಹಕ್ಕಿಗಳು ಸಾಲಾಗಿ ಕುಳಿತು, ಬಾಲ ಬೀಸುತ್ತಾ, ಇಡೀ ಮೈಯನ್ನು ಮುಂದಕ್ಕೂ ಹಿಂದಕ್ಕೂ ತೂಗುತ್ತವೆ. ಒಮ್ಮೊಮ್ಮೆ ಒಂದು ಹಕ್ಕಿ ತೊಗಟೆಯ ಚೂರನ್ನೋ ಕಲ್ಲುಹೂವಿನ ಎಳೆಯನ್ನೋ ಕೊಕ್ಕಿನಲ್ಲಿ ಹಿಡಿದು ಬಾವುಟದಂತೆ ಆಡಿಸುತ್ತದೆ. ನಿಮ್ಮ ಕಾಲಡಿಯ ಒಣಗೆಲೆಯೂ ಸದ್ದು ಮಾಡಬಾರದು, ಅಲ್ಲೇ ನಿಲ್ಲಿ.

ಜಗಳ ಮುಗಿದ ಕೂಡಲೇ ಕ್ಯಾಮೆರಾ ಮಡಚಬೇಡಿ, ಮುಖ್ಯವಾದದ್ದು ಆಮೇಲಿದೆ. ಆಂಡ್ರ್ಯೂ ರ‍್ಯಾಡ್‌ಫರ್ಡ್ ಎಂಬ ವಿಜ್ಞಾನಿ ದಕ್ಷಿಣ ಆಫ್ರಿಕಾದ ಗುಂಪುಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದಂತೆ, ಇಂಥ ಜಗಳದ ನಂತರ ಒಳಗಿನವರು ಪರಸ್ಪರ ಗರಿ ಬಾಚುವುದು ಹೆಚ್ಚುತ್ತದೆ. ಅದರಲ್ಲೂ ಯಜಮಾನ ಜೋಡಿ ಸಹಾಯಕರ ಗರಿ ಬಾಚುತ್ತದೆ. ಮಧ್ಯಾಹ್ನ ಬರೆದುಕೊಂಡ ಟಿಪ್ಪಣಿಯೊಂದಿಗೆ ಇದನ್ನು ಹೋಲಿಸಿ ನೋಡಿ.

9. ಗೂಡು ಸಿಕ್ಕರೆ ಹಿಂದೆ ಸರಿಯಿರಿ

ಇವು ಗೂಡು ಕಟ್ಟುವುದಿಲ್ಲ. ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟ ಪೊಟರೆಯಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮೊಟ್ಟೆಯಿಡುತ್ತವೆ. ಕಾವು ಕೂರುವುದು ತಾಯಿ ಮಾತ್ರ, ಹದಿನೇಳು ಹದಿನೆಂಟು ದಿನ. ಅಷ್ಟು ದಿನವೂ ಅವಳಿಗೆ ಊಟ ತರುವುದು ಉಳಿದವರ ಪಾಳಿ. ಹಕ್ಕಿಯೊಂದು ಹುಳ ಹಿಡಿದು ತಾನು ತಿನ್ನದೆ ನೇರವಾಗಿ ಒಂದೇ ತೂತಿನತ್ತ ಪದೇ ಪದೇ ಹಾರಿದರೆ ಗೂಡು ಅಲ್ಲಿದೆ ಎಂದರ್ಥ.

ಮೂವತ್ತು ಮೀಟರ್‌ಗಿಂತ ಹತ್ತಿರ ಹೋಗಬೇಡಿ. ಟಾರ್ಚ್ ಹಾಕಿ ಇಣುಕುವುದು, ಕೈ ತೂರಿಸುವುದು ಖಂಡಿತ ಕೂಡದು. ಅಂಥ ಪೊಟರೆಗಳಿಗೆ ಹಾವೂ ಬರುತ್ತದೆ. ಹಕ್ಕಿಯ ಬಳಿಯೂ ಅಸ್ತ್ರವಿದೆ: ಒಳಗಿರುವ ಹಕ್ಕಿ ಬಾಲವನ್ನು ಬಾಗಿಲಿಗೆ ತಿರುಗಿಸಿ, ಬಾಲದ ಬುಡದ ಎಣ್ಣೆಗ್ರಂಥಿಯಿಂದ ಗಬ್ಬು ನಾರುವ ಕಂದು ದ್ರವ ಹೊರಬಿಡುತ್ತದೆ. ಆ ಗ್ರಂಥಿಯಲ್ಲಿ ಬ್ಯಾಕ್ಟೀರಿಯಾಗಳೂ ಕಾಯಂ ವಾಸವಾಗಿವೆ. 2003ರಲ್ಲಿ ವಿಜ್ಞಾನಿಗಳು ಅಲ್ಲಿಂದ ಹೊಸ ಬ್ಯಾಕ್ಟೀರಿಯಾ ಒಂದನ್ನು ಬೇರ್ಪಡಿಸಿ, ಈ ಹಕ್ಕಿಯ ಹೆಸರನ್ನೇ ಅದಕ್ಕೆ ಇಟ್ಟರು.

ಗೂಡಿನ ಸುತ್ತ ಮಂಕು ಬಣ್ಣದ ಚಿಕ್ಕ ಹಕ್ಕಿಯೊಂದು ಸುಳಿದಾಡುತ್ತಿದ್ದರೆ ಗಮನಿಸಿ. ಅದು ಹನಿಗೈಡ್ ಇರಬಹುದು. ಮನುಷ್ಯರಿಗೆ ಜೇನಿನ ದಾರಿ ತೋರಿಸುವುದರಿಂದ ಆ ಹೆಸರು. ನಮ್ಮ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವಂತೆ ಹನಿಗೈಡ್ ವುಡ್‌ಹೂಪೋ ಗೂಡಿನಲ್ಲಿ ಇಡುತ್ತದೆ. ಅಟ್ಟಲು ಹೋಗಬೇಡಿ. ಅದು ಆ ಎರಡು ಹಕ್ಕಿಗಳ ನಡುವಿನ ವ್ಯವಹಾರ.

10. ಸಂಜೆಯ ಲೆಕ್ಕ

ರಾತ್ರಿ ಕಳೆಯಲೂ ಇವುಗಳಿಗೆ ಪೊಟರೆಯೇ ಬೇಕು. ನೈವಾಷಾ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ, ರಾತ್ರಿ ಚಳಿ ಕೊರೆಯುತ್ತದೆ. ಒಂದೇ ಪೊಟರೆಯಲ್ಲಿ ಒತ್ತಾಗಿ ಮಲಗಿದರೆ ಮೈಯ ಶಾಖ ಉಳಿಯುತ್ತದೆ. ಇದರಿಂದಲೇ ಪೊಟರೆಯಿರುವ ಹಳೆಯ ಮರ ಕಡಿದರೆ, ಹುಳು ಎಷ್ಟೇ ಇದ್ದರೂ ಈ ಹಕ್ಕಿ ಅಲ್ಲಿ ಉಳಿಯಲಾರದು. ತೋಟವಿರುವವರು ಒಣಗಿದ ಮರವನ್ನು ಅಪಾಯವಿಲ್ಲದಿದ್ದರೆ ಹಾಗೆಯೇ ಬಿಡಿ ಎಂದು ನಾನು ಬೇಡಿಕೊಳ್ಳುವುದೂ ಇದೇ ಕಾರಣಕ್ಕೆ.

ಕೆನ್ಯಾದಲ್ಲಿ ಸಂಜೆ ಆರೂವರೆಯ ಆಸುಪಾಸು ಸೂರ್ಯ ಮುಳುಗುತ್ತಾನೆ. ಐದೂವರೆಗೇ ಗುಂಪಿನ ಜೊತೆಗಿರಿ, ಏಕೆಂದರೆ ಇವು ಬೆಳಕಿರುವಾಗಲೇ ಮನೆ ಸೇರುತ್ತವೆ. ಕೊನೆಯ ನಗು ಮುಗಿದ ಮೇಲೆ ಒಂದೊಂದೇ ಹಕ್ಕಿ ತೂತಿನ ಅಂಚು ಹಿಡಿದು, ಒಮ್ಮೆ ಸುತ್ತ ನೋಡಿ, ಒಳಗೆ ಜಾರುತ್ತದೆ. ಉದ್ದನೆಯ ಬಾಲ ಎಲ್ಲಕ್ಕಿಂತ ಕೊನೆಗೆ ಮರೆಯಾಗುತ್ತದೆ. ಎಣಿಸಿ, ಬರೆದುಕೊಳ್ಳಿ, ಕತ್ತಲಾಗುವ ಮೊದಲೇ ಹಿಂತಿರುಗಿ.

ಮರುದಿನ ಬಿಸಿಲು ಬೀಳುವ ಮೊದಲೇ ಅದೇ ಮರದ ಎದುರು ನಿಂತು, ಹೊರಬರುವವರನ್ನು ಎಣಿಸಿ. ಸಂಜೆಯ ಲೆಕ್ಕದೊಂದಿಗೆ ತಾಳೆಯಾಗದಿದ್ದರೆ ಗಾಬರಿ ಬೇಡ. ದೊಡ್ಡ ಗುಂಪು ಕೆಲವೊಮ್ಮೆ ಎರಡು ಪೊಟರೆಗಳಲ್ಲಿ ಹಂಚಿಕೊಂಡು ಮಲಗುತ್ತದೆ. ಪಕ್ಕದ ಮರಗಳ ತೂತುಗಳನ್ನೂ ಗಮನಿಸಿ. ಆ ಮೇಲೆ ಎರಡೂ ದಿನದ ಟಿಪ್ಪಣಿಯನ್ನು ಹಕ್ಕಿ ನೋಡುವವರು ತಮ್ಮ ದಾಖಲೆ ಸೇರಿಸುವ ಇಬರ್ಡ್ ಜಾಲತಾಣಕ್ಕೋ, ಕೆನ್ಯಾದಲ್ಲಾದರೆ ಕೆನ್ಯಾ ಬರ್ಡ್ ಮ್ಯಾಪ್ ಯೋಜನೆಗೋ ಸೇರಿಸಿ. ಗುಂಪಿನ ಸಂಖ್ಯೆ, ಕಪ್ಪು ಕೊಕ್ಕಿನ ಮರಿಗಳೆಷ್ಟು ಎಂಬುದನ್ನು ಷರಾ ಕಲಮಿನಲ್ಲಿ ಮರೆಯದೆ ಬರೆಯಿರಿ. ಗೂಡಿನ ಮರ ಯಾವುದೆಂದು ಮಾತ್ರ ಬರೆಯಬೇಡಿ.